ಸ್ಮಾರಕದ ಅಂಗಳಕ್ಕೆ ಯಾವ ಮರ? ಮೊದಲು ಕಲ್ಲಿನ ಕೆಳಗೆ ನೋಡಿ

ಸ್ಮಾರಕಕ್ಕೆ ಮರ ಆರಿಸಲು ಕೂತ ಸಮಿತಿ ಹೂವಿನ ಬಣ್ಣದಿಂದ ಮಾತು ಶುರುಮಾಡುತ್ತದೆ. ಆಮೇಲೆ ಎಷ್ಟು ಮರ, ಎಷ್ಟೆತ್ತರದ ಗಿಡ ತರಿಸೋಣ ಎಂಬ ಚರ್ಚೆ. ಹಾಸುಗಲ್ಲು ಕೂರಿಸುವ ಗುತ್ತಿಗೆದಾರ ಬಂದು ನಿಂತಾಗಲೇ ಮಣ್ಣಿನ ವಿಷಯ ಬರುವುದು, ಅಷ್ಟರಲ್ಲಿ ನಾಲ್ಕಡಿ ಚೌಕದ ಗುಂಡಿಯೇ ಗತಿಯಾಗಿರುತ್ತದೆ. ಮುಂಬಯಿಯಲ್ಲಿ ಸಂಘದ ಮುಂದಿನ ಜಾಗವಿರಲಿ, ರಸ್ತೆಗಳು ಕೂಡುವ ಚೌಕವಿರಲಿ, ಸೊಸೈಟಿಯ ಅಂಗಳವಿರಲಿ, ಈ ಕ್ರಮವನ್ನು ತಿರುಗಿಸಿದರೆ ಅರ್ಧ ಕೆಲಸ ಗೆದ್ದಂತೆ: ಮೊದಲು ಮಣ್ಣು, ಆಮೇಲೆ ಜಾತಿ, ಕೊನೆಗೆ ಗಿಡದ ಗಾತ್ರ. ಈ ಬರಹವೂ ಅದೇ ಕ್ರಮದಲ್ಲಿದೆ.

ಒಂದು ಲೆಕ್ಕ ಎಲ್ಲಕ್ಕೂ ಅಡಿಪಾಯ. ಮರದ ನೆರಳು ನೆಲದ ಮೇಲೆ ಎಷ್ಟು ಚದರ ಮೀಟರ್ ಬೀಳಬೇಕೋ, ಅದನ್ನು 0.6ರಿಂದ ಗುಣಿಸಿ. ಬರುವ ಅಂಕಿಯಷ್ಟು ಘನಮೀಟರ್ ಸಡಿಲ ಮಣ್ಣು ಆ ಮರಕ್ಕೆ ಬೇಕು. 8 ಮೀಟರ್ ಅಗಲದ ಹಂದರ ಎಂದರೆ ಸುಮಾರು 50 ಚದರ ಮೀಟರ್ ನೆರಳು, ಅದಕ್ಕೆ 30 ಘನಮೀಟರ್ ಮಣ್ಣು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಒಂದು ಮೀಟರ್ ಆಳದ ಗುಂಡಿಯಲ್ಲಿ ಹಿಡಿಯುವುದು ಒಂದೂವರೆ ಘನಮೀಟರ್ ಮಾತ್ರ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಅಂಥ ಗುಂಡಿಯಲ್ಲಿ ನೆಟ್ಟ ಮರ ಮೊದಲ ನಾಲ್ಕೈದು ವರ್ಷ ಚೆನ್ನಾಗಿಯೇ ಬೆಳೆಯುತ್ತದೆ. ಆಮೇಲೆ ಎಲೆ ಚಿಕ್ಕದಾಗುತ್ತದೆ, ತುದಿ ಒಣಗುತ್ತದೆ, ಬೇರು ಕಲ್ಲನ್ನು ಎತ್ತುತ್ತದೆ. ಬುಡ ಅಗಲಿಸದ ಮರ ಜೂನ್ ಗಾಳಿಗೆ ಉರುಳುತ್ತದೆ. ಆಗ ಜನ ಜಾತಿಯನ್ನು ಬೈಯುತ್ತಾರೆ. ತಪ್ಪು ಗುಂಡಿಯದ್ದು.

ಕಲ್ಲಿನ ಕೆಳಗೆ ಮೂರು ದಾರಿ

30 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಅಂಗಳವನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಒಂದು ಕಡೆ ಹೆಸರು ಕೆತ್ತಿದ ಗೋಡೆ, ನಡುವೆ ಜನ ಸೇರುವ ಜಾಗ.

ಮೊದಲನೆಯ ದಾರಿ ತೆರೆದ ಪಾತಿ. 24 ಮೀಟರ್ ಉದ್ದ, 4 ಮೀಟರ್ ಅಗಲ, 1 ಮೀಟರ್ ಆಳದ ಒಂದೇ ಕಂದಕ ತೋಡಿದರೆ 96 ಘನಮೀಟರ್ ಮಣ್ಣು ಸಿಗುತ್ತದೆ, 6 ಮೀಟರಿಗೊಂದರಂತೆ ನಾಲ್ಕು ಮರ ಹಿಡಿಯುತ್ತವೆ. ಪಾಲಿಗೆ 24 ಘನಮೀಟರೇ ಬಂದರೂ ಒಂದರ ಬೇರು ಇನ್ನೊಂದರ ಮಣ್ಣಿಗೆ ಹೋಗುವುದರಿಂದ ಹಂಚಿಕೊಂಡ ಮಣ್ಣು ಬಿಡಿ ಗುಂಡಿಗಿಂತ ಯಾವಾಗಲೂ ಲಾಭ. ಇಂಥ ಎರಡು ಕಂದಕ, ಎಂಟು ಮರ. ಅಂಗಳಕ್ಕೆ ಅಷ್ಟು ಸಾಕು. ಖರ್ಚು ಅತಿ ಕಡಿಮೆ, ಮರದ ಆರೋಗ್ಯ ಅತಿ ಉತ್ತಮ. ಆದರೆ ಜನ ಮೇಲೆ ನಡೆಯಬಾರದು, ನಡೆದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಹೋಗುವುದಿಲ್ಲ. ಪಾತಿಯ ಅಂಚಿಗೆ 45 ಸೆಂಟಿಮೀಟರ್ ಎತ್ತರದ ಕೂರುವ ಕಟ್ಟೆ ಕಟ್ಟಿದರೆ ಆ ಸಮಸ್ಯೆ ತಾನಾಗಿ ತೀರುತ್ತದೆ. ಸ್ಮಾರಕಕ್ಕೆ ಬಂದವರಿಗೆ ಕೂತು ನೆನೆಯಲು ಜಾಗವೂ ಬೇಕಲ್ಲವೇ. ಜಾಗ ಇದ್ದಲ್ಲಿ ನಮ್ಮ ಮೊದಲ ಆಯ್ಕೆ ಇದೇ.

ಎರಡನೆಯದು ಕಲ್ಲು ಬೆರೆಸಿದ ಮಣ್ಣು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿಧಾನ. 20ರಿಂದ 40 ಮಿಲಿಮೀಟರ್ ಗಾತ್ರದ ಮೊನಚು ಜಲ್ಲಿ ತೂಕದಲ್ಲಿ 80 ಪಾಲು, ಜಿಗುಟು ಮಣ್ಣು 20 ಪಾಲು, ಮಣ್ಣು ಜಲ್ಲಿಗೆ ಅಂಟಿ ನಿಲ್ಲಲು ಒಂದಿಷ್ಟು ಹೈಡ್ರೋಜೆಲ್, ಅಂದರೆ ನೀರು ಹೀರಿ ಅಂಟಾಗುವ ಪುಡಿ. ರೋಲರ್ ಹೊಡೆದರೂ ಜಲ್ಲಿ ಜಲ್ಲಿಗೆ ತಾಗಿ ಭಾರ ಹೊರುತ್ತದೆ, ಸಂದಿಯಲ್ಲಿ ಬೇರು ಓಡುತ್ತದೆ. ಇಲ್ಲಿಯ ಕರಿಕಲ್ಲಿನ ಜಲ್ಲಿ, ಮರಾಠಿಯವರ ಖಡಿ, ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಪುಡಿ ತೊಳೆದೇ ತರಿಸಬೇಕು. ಕ್ವಾರಿಯಿಂದ ಬಂದ ಹಾಗೇ ಸುರಿದರೆ ಪುಡಿಯೇ ಸಂದಿ ತುಂಬಿ ಇಡೀ ಕಂದಕ ಕಾಂಕ್ರೀಟಿನಂತೆ ಕೂರುತ್ತದೆ. 150 ಮಿಲಿಮೀಟರಿಗೊಂದು ಪದರ ಹಾಕಿ ಅದುಮುತ್ತ ಬನ್ನಿ. ಇದರಲ್ಲಿ ಮರೆಯಬಾರದ್ದು ಒಂದು: 96 ಘನಮೀಟರ್ ಮಿಶ್ರಣದಲ್ಲಿ ನಿಜವಾದ ಮಣ್ಣು ಹೆಚ್ಚೆಂದರೆ ಕಾಲುಭಾಗ. ಆದ್ದರಿಂದ ಅಷ್ಟೇ ಜಾಗದಲ್ಲಿ ನಾಲ್ಕು ದೊಡ್ಡ ಮರ ಬಯಸಬೇಡಿ. ಚಿಕ್ಕ ಹಂದರದ ಜಾತಿ ಆರಿಸಿ, ಇಲ್ಲವೇ ಕಂದಕವನ್ನು ತೆರೆದ ಪಾತಿಯವರೆಗೆ ಉದ್ದ ಮಾಡಿ ಬೇರಿಗೆ ದಾರಿ ಕೊಡಿ.

ಮೂರನೆಯದು ತೂಗುಹಾಸು. ಕಂಬ, ತೊಲೆಗಳ ಮೇಲೆ ಅಥವಾ ಬಲವಾದ ಪ್ಲಾಸ್ಟಿಕ್ ಗೂಡುಗಳ ಮೇಲೆ ಹಾಸು ನಿಲ್ಲುತ್ತದೆ, ಕೆಳಗಿನ ಮಣ್ಣು ಅದುಮದೆ ಸಡಿಲವಾಗಿಯೇ ಉಳಿಯುತ್ತದೆ. ನ್ಯೂಯಾರ್ಕಿನಲ್ಲಿ 2011ರಲ್ಲಿ ತೆರೆದ ಸೆಪ್ಟೆಂಬರ್ 11ರ ಸ್ಮಾರಕದಲ್ಲಿ 400ಕ್ಕೂ ಹೆಚ್ಚು ಮರಗಳಿಗೆ ಯೋಜಿಸಿದ್ದು ಈ ಬಗೆಯ ವ್ಯವಸ್ಥೆಯನ್ನೇ, ಏಕೆಂದರೆ ಆ ಅಂಗಳದ ಕೆಳಗೆ ನೆಲವೇ ಇಲ್ಲ, ಕಟ್ಟಡಗಳಿವೆ. ನಮ್ಮಲ್ಲಿ ಪೋಡಿಯಂಗಳದ್ದೂ, ಅಂದರೆ ಪಾರ್ಕಿಂಗ್ ಚಾವಣಿಯ ಮೇಲಿನ ಅಂಗಳಗಳದ್ದೂ, ಅದೇ ಸ್ಥಿತಿ. ಒದ್ದೆ ಮಣ್ಣು ಘನಮೀಟರಿಗೆ ಎರಡು ಟನ್ ಹತ್ತಿರ ತೂಗುತ್ತದೆ. ಅಂಗಳದ ಮೇಲೆ ಅಗ್ನಿಶಾಮಕ ವಾಹನ ಬರುವ ಸಾಧ್ಯತೆ ಇದ್ದರೆ ಆ ಭಾರವೂ ಸೇರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಮುಂದೆ ಹೋಗಲೇಬೇಡಿ. ಮಣ್ಣು ಕಾಲಕ್ರಮೇಣ ಕುಸಿಯುವುದರಿಂದ ಹಾಸಿನ ಅಡಿಗೂ ಮಣ್ಣಿಗೂ ನಡುವೆ ಗಾಳಿಯಾಡುವ ಸಂದು ಮೊದಲೇ ಇಡುತ್ತಾರೆ, ನೋಡಲು ಒಂದೆರಡು ಮುಚ್ಚಳಗಳನ್ನೂ. ಮೂರರಲ್ಲಿ ಅತಿ ದುಬಾರಿ ಇದು, ಜನಸಂದಣಿಯೂ ದೊಡ್ಡ ನೆರಳೂ ಒಟ್ಟಿಗೆ ಬೇಕಾದ ಕಡೆ ಮಾತ್ರ ಹಣಕ್ಕೆ ತಕ್ಕದ್ದು.

ಯಾವ ದಾರಿ ಹಿಡಿದರೂ ನೀರು ಇಳಿಯುತ್ತದೆಯೇ ನೋಡಿ. 60 ಸೆಂಟಿಮೀಟರ್ ಆಳದ ಗುಂಡಿ ತೋಡಿ ತುಂಬ ನೀರು ಹಾಕಿ, ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೆಯ ಸಲ ಗಂಟೆಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ತಳದಲ್ಲಿ ರಂಧ್ರವಿರುವ ಪೈಪು ಹಾಕಿ ಮಳೆನೀರಿನ ಚರಂಡಿಗೆ ಕೂಡಿಸಲೇಬೇಕು. ಮುಂಬಯಿಯ ತಗ್ಗು ಪ್ರದೇಶದಲ್ಲಿ ಮಾರ್ಚ್‌ನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಜುಲೈ ತಿಂಗಳಲ್ಲಿ, ಭರತದ ಹೊತ್ತಿಗೆ ಮಾಡಿ. ಭರತ ಬಂದಾಗ ಚರಂಡಿಯ ನೀರೇ ಹಿಂದಕ್ಕೆ ತಳ್ಳುವ ಜಾಗಗಳಿವೆ, ಅಲ್ಲಿ ಪೈಪಿನ ಬಾಯಿಗೆ ಒಮ್ಮುಖದ ವಾಲ್ವ್ ಬೇಕು. ಸಮುದ್ರ ತುಂಬಿ ಮಾಡಿದ ನೆಲವಾದರೆ ಉಪ್ಪಿನ ಪರೀಕ್ಷೆಯನ್ನೂ ಮಾಡಿಸಿ.

ಯಾವ ಜಾತಿ

ನರ್ಸರಿಗೆ ಹೋಗುವ ಮುಂಚೆ ಹೆಸರುಗಳನ್ನು ಮರಾಠಿಯಲ್ಲಿ ಬರೆದುಕೊಂಡು ಹೋಗಿ. ಸುರಹೊನ್ನೆ ಎಂದರೆ ಅಲ್ಲಿ ಯಾರಿಗೂ ತಿಳಿಯದು, ಉಂಡಿ ಎನ್ನಬೇಕು. ಹೊಂಗೆ ಕರಂಜ, ಹೊಳೆದಾಸವಾಳ ತಾಮ್ಹಣ, ಹಾಲೆಮರ ಸಾತ್ವಿಣ, ನಾಗಲಿಂಗ ಕೈಲಾಸಪತಿ. ಬಕುಳ ಮಾತ್ರ ಎರಡೂ ಕಡೆ ಬಕುಳವೇ. ಬರಿ ಅಶೋಕ ಎಂದು ಕೇಳಿದರೆ ಕಂಬದಂತೆ ನೇರ ಏರುವ ಹಸಿರು ಗಿಡ ಕೊಟ್ಟು ಕಳಿಸುತ್ತಾರೆ. ಕಿತ್ತಳೆ ಹೂಗೊಂಚಲಿನ ನಿಜವಾದ ಅಶೋಕ ಬೇಕಿದ್ದರೆ ಸೀತಾ ಅಶೋಕ ಎಂದೇ ಹೇಳಿ. ಭಾಯ್ಕಳದ ರಾಣಿಬಾಗಿನಲ್ಲಿ ಹಳೆಯ ಮರಗಳ ದೊಡ್ಡ ಸಂಗ್ರಹವೇ ಇದೆ. ಸಮಿತಿಯವರೆಲ್ಲ ಒಂದು ಬೆಳಿಗ್ಗೆ ಅಲ್ಲಿ ಸುತ್ತಿ ಬಂದರೆ, ನರ್ಸರಿಯಲ್ಲಿ ಆರಡಿ ಕಂಡ ಗಿಡ ಮುಂದೆ ಏನಾಗುತ್ತದೆ ಎಂಬುದು ಚಿತ್ರ ನೋಡಿದ್ದಕ್ಕಿಂತ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಎಂಟು ಮರದ ಅಂಗಳಕ್ಕೆ ಒಂದೇ ಜಾತಿ ಆರಿಸಿ ಎಂದರೆ ಬಕುಳವನ್ನೇ ಹೇಳುತ್ತೇವೆ, ನಮ್ಮ ಕರಾವಳಿಯವರ ರೆಂಜೆಯನ್ನು. ವರ್ಷವಿಡೀ ಹಸಿರು, ಗುಂಡಾದ ದಟ್ಟ ಹಂದರ, ಗಾಳಿಗೆ ಸುಲಭವಾಗಿ ಮುರಿಯದ ಗಟ್ಟಿ ಕಟ್ಟಿಗೆ. ಬೆಳಗಿನ ಜಾವ ಅಂಗಳಕ್ಕೆ ಬಂದರೆ ಕಲ್ಲಿನ ಮೇಲೆ ಬೆರಳುಗುರಿನಷ್ಟು ಅಗಲದ, ಹಲ್ಲುಹಲ್ಲಾದ ಬಿಳಿ ಹೂವು ಚೆಲ್ಲಿರುತ್ತವೆ. ನಡುವೆ ತೂತು, ಹಾಗಾಗಿ ನಾರಿಗೆ ಹಾಗೇ ಪೋಣಿಸಬಹುದು. ಒಣಗಿ ಕಂದಾದ ಮೇಲೂ ವಾಸನೆ ಬಿಡದ ಹೂವು ಇದು. ಅಗಲಿದವರ ಹೆಸರಿನ ಗೋಡೆಯ ಮುಂದೆ ಇದಕ್ಕಿಂತ ಒಪ್ಪುವ ಮರ ನಮಗೆ ತೋಚುವುದಿಲ್ಲ. ಕೊರತೆ ಎಂದರೆ ನಿಧಾನ. ನೆರಳೆನ್ನುವಷ್ಟು ನೆರಳಿಗೆ ಎಂಟು ಹತ್ತು ವರ್ಷ ಕಾಯಬೇಕು. ಇದರ ಕಿತ್ತಳೆ ಬಣ್ಣದ ಹಣ್ಣಿಗೆ ಹಕ್ಕಿ ಬರುತ್ತವೆ, ಹಕ್ಕಿ ಬಂದಲ್ಲಿ ಹಿಕ್ಕೆಯೂ ಬೀಳುತ್ತದೆ. ಕೆತ್ತಿದ ಹೆಸರುಗಳ ಮೇಲೆ ಬೀಳದಂತೆ ಕಾಂಡವನ್ನು ಗೋಡೆಯಿಂದ ಐದು ಮೀಟರ್ ದೂರ ಇಡಿ.

ಉಪ್ಪುಗಾಳಿ ನೇರ ಹೊಡೆಯುವ ಕಡೆ, ಸಮುದ್ರದಂಚಿನಲ್ಲಿ, ಬಕುಳಕ್ಕಿಂತ ಸುರಹೊನ್ನೆ ಮೇಲು. ಮರಳು, ಉಪ್ಪು, ಗಾಳಿ ಮೂರನ್ನೂ ಸಹಿಸುತ್ತದೆ, ಬಿಳಿ ಹೂವಿಗೆ ನಡುವೆ ಹಳದಿ ಕೇಸರ, ಒಳ್ಳೆಯ ಪರಿಮಳ. ಹೊನ್ನೆಣ್ಣೆಯ ದೀಪದ ಕಾಲ ಕಂಡ ಹಿರಿಯರಿಗೆ ಈ ಮರದ ಮೇಲೆ ಬೇರೆಯೇ ಮಮತೆ. ಅದರ ಕಾಯಿ ಮಾತ್ರ ಗೋಲಿಯಂತೆ ದುಂಡಗೆ, ಗಟ್ಟಿ. ನುಣುಪು ಕಲ್ಲಿನ ಮೇಲೆ ಉರುಳಿ ವಯಸ್ಸಾದವರ ಕಾಲಿಗೆ ಸಿಕ್ಕರೆ ಅಪಾಯ, ಆದ್ದರಿಂದ ದಾರಿಯ ಮೇಲೆ ಚಾಚದಂತೆ ಪಾತಿಯ ಒಳಬದಿಗೆ ನೆಡಬೇಕು.

ಹೊಂಗೆ ಕೆಟ್ಟ ಮಣ್ಣಿಗೂ ನೀರು ನಿಲ್ಲುವ ಜಾಗಕ್ಕೂ ಒಗ್ಗುವ ಗಟ್ಟಿಗ. ಹಣ ಕಡಿಮೆ, ನೋಡಿಕೊಳ್ಳುವವರೂ ಕಡಿಮೆ ಎಂದಾದರೆ ಕಣ್ಣು ಮುಚ್ಚಿ ಹೊಂಗೆ ಹಾಕಿ. ಕಾಂಡ ಓರೆಯಾಗಿ, ಕೊಂಬೆ ಕೆಳಗೇ ಒಡೆಯುವುದರಿಂದ ಮೊದಲ ನಾಲ್ಕು ವರ್ಷ ಸವರುತ್ತ ಎರಡೂವರೆ ಮೀಟರಿನವರೆಗೆ ಕಾಂಡ ಬೋಳು ಮಾಡಿಕೊಳ್ಳಬೇಕು.

ಹೊಳೆದಾಸವಾಳ ಮಹಾರಾಷ್ಟ್ರದ ರಾಜ್ಯ ಹೂವು. ಫೆಬ್ರುವರಿ ಮಾರ್ಚ್‌ಗಳಲ್ಲಿ ಎಲೆ ಉದುರಿಸಿ, ಏಪ್ರಿಲ್ ಕೊನೆಯಿಂದ ನೇರಳೆ ಹೂವಿನಿಂದ ತುಂಬುತ್ತದೆ. ಇಲ್ಲಿಗೆ ಒಂದು ಪ್ರಶ್ನೆ ಬರುತ್ತದೆ, ಅದನ್ನು ಪ್ರತಿ ಸಮಿತಿಯೂ ಕೇಳಿಕೊಳ್ಳಬೇಕು: ಜನ ಈ ಅಂಗಳಕ್ಕೆ ಯಾವ ದಿನ ಬರುತ್ತಾರೆ? ಮೇ 1, 1960ರಲ್ಲಿ ರಾಜ್ಯವಾದ ದಿನವನ್ನು ನೆನೆಯುವ ಸ್ಮಾರಕಕ್ಕೆ ಹೊಳೆದಾಸವಾಳ ತಪ್ಪದೆ ಹೂ ತರುತ್ತದೆ. ಜುಲೈ 26ಕ್ಕೆ, 2005ರಲ್ಲಿ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನಕ್ಕೆ, ಕದಂಬ ಹೂಬಿಡುವ ಕಾಲ. ಆದರೆ ಅದು ಬೇಗ ಬೆಳೆದು ಬೇಗ ಮುರಿಯುವ ಮರ, ಅಂಚಿನಲ್ಲಿ ಒಂದು ಸಾಕು. ನವೆಂಬರ್ 26ಕ್ಕೆ, 2008ರ ಉಗ್ರರ ದಾಳಿಯ ದಿನಕ್ಕೆ, ಆಕಾಶಮಲ್ಲಿಗೆ. ಇದೂ ಮೆದು ಕಟ್ಟಿಗೆಯದೇ, ಬುಡದಿಂದ ಮರಿ ಬೇರೆ ಏಳುತ್ತದೆ. ಅದೇ ತಿಂಗಳುಗಳ ಹಾಲೆಮರವನ್ನು ಮಾತ್ರ ನಾವು ಒಪ್ಪುವುದಿಲ್ಲ. ಸಂಜೆಯ ಆ ಘಾಟು ವಾಸನೆಗೆ ತಲೆನೋವು ಎನ್ನುವವರು ಬಹಳ, ಪುಣೆ ಮುಂಬಯಿಗಳಲ್ಲಿ ಈಗಾಗಲೇ ಅತಿಯಾಗಿ ನೆಟ್ಟಾಗಿದೆ.

ಗುಲ್‌ಮೊಹರಿನ ಮೇ ತಿಂಗಳ ಕೆಂಪು ಯಾರಿಗೆ ಬೇಡ? ಆದರೆ ಮೇಲ್ಬೇರು, ಪೆಡಸು ಕೊಂಬೆ, ಹೂವು ಮುಗಿಯುತ್ತಲೇ ಬರುವ ಬಿರುಗಾಳಿ. ಜನ ನಿಲ್ಲುವ ಜಾಗದ ಮೇಲೆ ಬೇಡ. ನಾಗಲಿಂಗದ ಕಾಯಿ ತಲೆಯ ಗಾತ್ರ, ಕಿಲೋಗಟ್ಟಲೆ ತೂಕ, ಒಡೆದರೆ ದುರ್ವಾಸನೆ. ನೇರಳೆ ಜೂನ್‌ನಲ್ಲಿ ಹಾಸುಗಲ್ಲಿಗೆ ಕಲೆ ಹಚ್ಚಿ ಜಾರಿಸುತ್ತದೆ. ಅರಳಿ, ಆಲ ಕಲ್ಲುಗೆಲಸದ ಶತ್ರುಗಳು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ಅರಳಿಯ ಬುಡಕ್ಕೆ ನೂಲು, ಕುಂಕುಮ, ಮೂರ್ತಿ ಬಂದೇ ಬರುತ್ತವೆ. ಆ ಭಕ್ತಿ ದೊಡ್ಡದೇ. ಆದರೆ ಎಲ್ಲ ಮತದವರ ಹೆಸರೂ ಇರುವ ಗೋಡೆಯ ಮುಂದೆ ಯಾವ ಮನೆಯವರಿಗೂ ತಾವು ಹೊರಗಿನವರು ಅನ್ನಿಸಬಾರದು. ಪೋಡಿಯಂ ಮೇಲೆ 60 ಸೆಂಟಿಮೀಟರ್ ಮಣ್ಣಷ್ಟೇ ಸಾಧ್ಯವಿದ್ದರೆ ದೇವಕಣಗಿಲೆ ಹಾಕಿ, ದೊಡ್ಡ ಮರದ ಆಸೆ ಬಿಡಿ.

ಪುಣೆಯಲ್ಲಿ ಲೆಕ್ಕ ಬದಲಾಗುತ್ತದೆ. ಮಳೆ ಮುಂಬಯಿಯ ಮೂರನೇ ಒಂದು ಪಾಲು, ಕಪ್ಪು ಎರೆಮಣ್ಣು ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ. ಅಲ್ಲಿ ಬೇವು ಚೆನ್ನಾಗಿ ಬರುತ್ತದೆ, ಮುಂಬಯಿಯ ಜಡಿಮಳೆಯಲ್ಲಿ ಅಷ್ಟು ಸೊಗಸಾಗಿ ಬರುವುದಿಲ್ಲ. ಎರೆಮಣ್ಣನ್ನು ಒಂದಕ್ಕೆ ಒಂದು ಮುರುಮಿನೊಂದಿಗೆ, ಅಂದರೆ ಗರಸು ಮಣ್ಣಿನೊಂದಿಗೆ, ಬೆರೆಸಿ. ಗೋವೆಯ ಜಂಬಿಟ್ಟಿಗೆ ನೆಲದಲ್ಲಿ ಸಂಪಿಗೆ, ಸುರಹೊನ್ನೆ ಎರಡೂ ಒಗ್ಗುತ್ತವೆ. ನಮ್ಮ ಮಲೆನಾಡಿನ ಮತ್ತಿಯನ್ನು ಅಲ್ಲಿ ಹಾಕುವುದಾದರೆ ಚಿಕ್ಕ ಸಸಿಯಾಗಿಯೇ ನೆಡಬೇಕು.

ಒಂದೇ ಜಾತಿಯೋ, ಬೆರಕೆಯೋ

ಒಂದೇ ಜಾತಿಯ ಸಾಲಿಗೆ ಒಂದು ಗಾಂಭೀರ್ಯವಿದೆ. ದಾದರ್ ಪಾರ್ಸಿ ಕಾಲೊನಿಯಲ್ಲಿ ರಸ್ತೆಗೊಂದು ಜಾತಿ ಎಂದು ನೆಟ್ಟ ಸಾಲುಗಳನ್ನು ನೋಡಿದರೆ ಅದು ಅರ್ಥವಾಗುತ್ತದೆ. ಆದರೆ ಮುಂಬಯಿಯ ಮಳೆಮರಗಳಿಗೆ ಬಿಳಿ ಹಿಟ್ಟುತಿಗಣೆ ಬಡಿದು ಸಾಲುಸಾಲೇ ಒಣಗಿದ್ದನ್ನೂ ಈ ಊರು ಕಂಡಿದೆ. ಎಂಟು ಮರದ ಅಂಗಳದಲ್ಲಿ ಐದು ಬಕುಳ, ಮೂರು ಹೊಳೆದಾಸವಾಳ ಎಂಬಂಥ ಹಂಚಿಕೆ ಸುರಕ್ಷಿತ: ಒಂದಕ್ಕೆ ರೋಗ ಬಂದರೂ ಅಂಗಳ ಬರಿದಾಗದು. ಎಂಟು ಮರಕ್ಕೆ ಎಂಟು ಜಾತಿ ಮಾಡಿದರೆ ಸ್ಮಾರಕ ನರ್ಸರಿಯಂತೆ ಕಾಣುತ್ತದೆ.

ಹಳೆಯ ಮರ ಇದ್ದರೆ

ಜಾಗದಲ್ಲಿ ಆಗಲೇ ಒಂದು ಮರವಿದ್ದರೆ ಹೊಸ ಗಿಡಗಳ ಮಾತಿಗೆ ಮುಂಚೆ ಅದನ್ನು ಉಳಿಸುವ ನಕ್ಷೆ ಬರೆಯಿರಿ. ನ್ಯೂಯಾರ್ಕಿನ ಸ್ಮಾರಕದಲ್ಲಿ ಜನ ಮುಟ್ಟಿ ನಿಲ್ಲುವುದು ಹೊಸ ಓಕ್ ಮರಗಳ ಬಳಿಯಷ್ಟೇ ಅಲ್ಲ. ಅವಶೇಷದಡಿ ಸುಟ್ಟು ಮುರಿದು ಸಿಕ್ಕಿ, ಆರೈಕೆಯಲ್ಲಿ ಚಿಗುರಿ, 2010ರಲ್ಲಿ ಅಲ್ಲಿಗೇ ಮರಳಿದ ಒಂದು ಪೇರ್ ಮರದ ಬಳಿಯೂ ಹೌದು. ಮಹಾರಾಷ್ಟ್ರದಲ್ಲಿ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. 2021ರ ತಿದ್ದುಪಡಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ಮರಗಳೆಂದು ಗುರುತಿಸಿದೆ.

ಎದೆಯೆತ್ತರದಲ್ಲಿ ಕಾಂಡದ ಅಡ್ಡಳತೆ ತೆಗೆದು 12ರಿಂದ ಗುಣಿಸಿ. 50 ಸೆಂಟಿಮೀಟರ್ ಕಾಂಡಕ್ಕೆ ಬುಡದಿಂದ ಸುತ್ತಲೂ 6 ಮೀಟರ್ ದೂರದ ಒಳಗೆ ಅಗೆತ, ಲಾರಿ, ಸಿಮೆಂಟ್ ಚೀಲ ಯಾವುದೂ ಬರಬಾರದು. ಇಲ್ಲಿ ಪ್ರೀತಿಯಿಂದಲೇ ಆಗುವ ಒಂದು ತಪ್ಪಿದೆ: ಅಶ್ವತ್ಥಕಟ್ಟೆಯ ನೆನಪಿನಲ್ಲಿ ಹಳೆ ಮರದ ಸುತ್ತ ಕಟ್ಟೆ ಕಟ್ಟಿ ಒಳಗೆ ಎರಡಡಿ ಮಣ್ಣು ತುಂಬುವುದು. ಕಟ್ಟೆಯ ಪಾಯ ಬೇರನ್ನು ಕಡಿಯುತ್ತದೆ, ತುಂಬಿದ ಮಣ್ಣು ಕಾಂಡದ ತೊಗಟೆಯನ್ನು ಕೊಳೆಸುತ್ತದೆ. ಎರಡು ಮೂರು ಮಳೆಗಾಲ ಏನೂ ಕಾಣುವುದಿಲ್ಲ, ಆಮೇಲೆ ಒಂದೊಂದೇ ಕೊಂಬೆ ಒಣಗುತ್ತದೆ. ಅಂಥ ಮರಕ್ಕೆ ಕಂಬದ ಮೇಲೆ ನಿಂತ ಬೆಂಚು ಹಾಕಿ, ನೆಲದ ಮಟ್ಟ ಮುಟ್ಟಬೇಡಿ.

ಚಿಕ್ಕ ಗಿಡವೋ, ದೊಡ್ಡದೋ

ಉದ್ಘಾಟನೆಯ ದಿನ ನೆರಳು ಕಾಣಬೇಕೆಂಬ ಒತ್ತಡ ಎಲ್ಲ ಕಡೆ ಇದ್ದದ್ದೇ. 10 ಸೆಂಟಿಮೀಟರ್ ದಪ್ಪದ ಕಾಂಡಕ್ಕೆ ಕಡಿಮೆ ಎಂದರೂ 1 ಮೀಟರ್ ಅಗಲದ ರೂಟ್ ಬಾಲ್, ಅಂದರೆ ಬೇರು ಸಮೇತದ ಮಣ್ಣಿನ ಮುದ್ದೆ, ಬೇಕು. 60 ಸೆಂಟಿಮೀಟರ್ ಆಳ ಹಿಡಿದರೂ ಅದು ಸುಮಾರು 850 ಕಿಲೋ. ಕ್ರೇನ್ ಒಳಗೆ ಬರುತ್ತದೆಯೇ, ಮೇಲೆ ತಂತಿ ಇದೆಯೇ ಎಂದು ಮೊದಲೇ ನೋಡಿ. ಅಷ್ಟು ದಪ್ಪ ಕಾಂಡಕ್ಕೆ ಎರಡಡಿಯ ಮುದ್ದೆ ಕಟ್ಟಿ ತಂದರೆ ವಾಪಸ್ ಕಳಿಸಿ. ನಮ್ಮ ಸಲಹೆ ಎರಡು ಮೀಟರ್ ಎತ್ತರದ, ಬೆರಳಿಗಿಂತ ತುಸು ದಪ್ಪ ಕಾಂಡದ ಸಸಿ. ದೊಡ್ಡ ಮರ ಬೇರೂರಲು ಹೆಣಗುವ ವರ್ಷಗಳಲ್ಲಿ ಇದು ಓಡಿ ಬೆಳೆಯುತ್ತದೆ, ಐದಾರು ವರ್ಷದಲ್ಲಿ ವ್ಯತ್ಯಾಸ ಬಹುಪಾಲು ಅಳಿದಿರುತ್ತದೆ.

ಸಸಿಯನ್ನು ಜೂನ್ ಕೊನೆಗೆ, ನೆಲ ನೆನೆದ ಮೇಲೆ ನೆಡಿ. ದೊಡ್ಡ ರೂಟ್ ಬಾಲ್‌ನ ಮರವನ್ನು ಆಗಸ್ಟ್ ಕೊನೆಯವರೆಗೆ ತಡೆಯುವುದು ಒಳ್ಳೆಯದು, ಜೋರು ಗಾಳಿ ಕಳೆದಿರುತ್ತದೆ, ಮಳೆ ಇನ್ನೂ ಉಳಿದಿರುತ್ತದೆ.

ನೆಡುವ ಹೊತ್ತಿನಲ್ಲಿ ಕೈಯಿಂದ ನೋಡಬೇಕಾದದ್ದು ಹೀಗೆ. ಕಪ್ಪು ಚೀಲವನ್ನು ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಸೀಳಿ ಪೂರ್ತಿ ತೆಗೆಯಿರಿ. ಮೇಲಿನ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ಹೋದರೆ ಕಾಂಡ ಅಗಲವಾಗಿ ಮೊದಲ ಬೇರು ಒಡೆಯುವ ಜಾಗ ಸಿಗುತ್ತದೆ. ನರ್ಸರಿಯಲ್ಲಿ ಚೀಲ ಬದಲಿಸಿದಾಗಲೆಲ್ಲ ಮಣ್ಣು ಏರಿಸಿದ್ದರೆ ಅದು ನಾಲ್ಕು ಬೆರಳು ಆಳದಲ್ಲಿರುವುದೂ ಉಂಟು. ಆ ಜಾಗವೇ ನಿಜವಾದ ಬುಡ, ಅದು ಅಂಗಳದ ಮಣ್ಣಿನ ಮಟ್ಟಕ್ಕೆ ಕಾಣುವಂತೆ ಕೂರಬೇಕು. ಚೀಲದ ಗೋಡೆಗೆ ಸುತ್ತಿಕೊಂಡ ಬೇರುಗಳನ್ನು ನಾಲ್ಕು ಕಡೆ ಉದ್ದಕ್ಕೆ ಕೊಯ್ದು ಬಿಡಿಸಿ. ಬಿಡಿಸದಿದ್ದರೆ ಹತ್ತು ವರ್ಷದ ಮೇಲೆ ಅವೇ ಕಾಂಡದ ಕೊರಳು ಬಿಗಿಯುತ್ತವೆ. ಗುಂಡಿ ರೂಟ್ ಬಾಲ್‌ನ ಮೂರು ಪಟ್ಟು ಅಗಲ, ಆಳ ಮಾತ್ರ ಅದರಷ್ಟೇ. ಗೊಬ್ಬರವನ್ನು ಗುಂಡಿಯ ತಳಕ್ಕೆ ಸುರಿಯಬೇಡಿ, ಕೊಳೆತು ಕುಸಿದು ಗಿಡ ಇಳಿಯುತ್ತದೆ. ಮೇಲೆ 75 ಮಿಲಿಮೀಟರ್ ತರಗೆಲೆಯ ಹೊದಿಕೆ, ಕಾಂಡದಿಂದ ಒಂದು ಗೇಣು ಬಿಟ್ಟು. ಎರಡು ಊರುಗೋಲು ಮಣ್ಣಿನ ಮುದ್ದೆಯ ಹೊರಗೆ ನಿಲ್ಲಲಿ, ಕಟ್ಟು ಸಡಿಲವಾಗಿರಲಿ, ಒಂದು ವರ್ಷಕ್ಕೆ ಬಿಚ್ಚಿ.

ಕಲ್ಲು ಕೂರಿಸುವವರು ಸಿಮೆಂಟ್ ಬಾಂಡ್ಲಿ ತೊಳೆದ ನೀರನ್ನು ಹತ್ತಿರದ ಗುಂಡಿಗೇ ಚೆಲ್ಲುತ್ತಾರೆ. ಆ ಸುಣ್ಣದ ನೀರಿಗೆ ಎಳೆ ಬೇರು ಸುಡುತ್ತದೆ. ಆದ್ದರಿಂದ ಕಲ್ಲುಗೆಲಸ ಮುಗಿದ ಮೇಲೆಯೇ ಗಿಡ ತರಿಸಿ, ಕಂದಕಗಳನ್ನು ಅಲ್ಲಿಯವರೆಗೆ ಹಲಗೆಯಿಂದ ಮುಚ್ಚಿಡಿ. ಹಾಸುಗಲ್ಲಿನ ಸಂದಿಗೆ ಸಿಮೆಂಟ್ ಬೇಡ, 3ರಿಂದ 6 ಮಿಲಿಮೀಟರಿನ ಸಣ್ಣ ಜಲ್ಲಿ ತುಂಬಿದರೆ ಮಳೆನೀರು ಕೆಳಗಿಳಿಯುತ್ತದೆ. ಕಾಂಡದ ಸುತ್ತ ಎರಕದ ಕಬ್ಬಿಣದ ಜಾಲರಿ ಹಾಕಿಸುವುದಾದರೆ ಒಳಸುತ್ತು ಕತ್ತರಿಸಿ ಹಿಗ್ಗಿಸಬಹುದಾದದ್ದನ್ನೇ ಆರಿಸಿ.

ಮುಂಬಯಿಯ ಮಳೆಯನ್ನು ನಂಬಿ ನೀರಿನ ವ್ಯವಸ್ಥೆ ಬಿಡುವವರು ಬಹಳ. ಅಕ್ಟೋಬರಿನಿಂದ ಮೇವರೆಗೆ ಎಂಟು ತಿಂಗಳು ಹನಿಯಿಲ್ಲದೆ ಕಳೆಯಬಹುದು. ಮೊದಲ ಬೇಸಗೆ ಗಿಡಕ್ಕೆ ವಾರಕ್ಕೆ ಎರಡು ಸಲ 40 ಲೀಟರ್, ಎರಡನೆಯ ಬೇಸಗೆ ವಾರಕ್ಕೊಮ್ಮೆ 60 ಲೀಟರ್. ದಿನಾ ಒಂದು ತಂಬಿಗೆ ಚಿಮುಕಿಸಿದರೆ ಬೇರು ಮೇಲೇ ಉಳಿದು ಕಲ್ಲನ್ನು ಎತ್ತುತ್ತದೆ. ಗುತ್ತಿಗೆಯ ಕಾಗದದಲ್ಲಿ ಈ ಅಂಕಿಗಳನ್ನೇ ಬರೆಸಿ, ಮರಗಳ ಬಾಬ್ತಿನ ಮೂರನೇ ಒಂದು ಪಾಲು ಹಣವನ್ನು ಎರಡು ಬೇಸಗೆ ದಾಟಿ ಎಂಟೂ ಮರ ಚಿಗುರಿ ನಿಂತ ಮೇಲೆ ಕೊಡುವಂತೆ ಷರತ್ತು ಹಾಕಿ.